ಭಾಷಾ ಶಿಕ್ಷಕರ 50 ಗಂಟೆಯ ಫೈಲು: ಗಂಟೆಗಳು ಎಲ್ಲಿ ಹೋದವು

ಶಾಲೆಯಲ್ಲಿ ಕನ್ನಡ ಕಲಿಸುವ ನಾನು, ಕಲಿಕೆಯ ಗಂಟೆಗಳಿಗೆ ದಾಖಲೆ ಜೋಡಿಸಿ ಒಪ್ಪಿಸಿದ ವೃತ್ತಿ ಅಭಿವೃದ್ಧಿಯ ಫೈಲು ಎರಡು ಸಲ ವಾಪಸ್ ಬಂದು, ಮೂರನೇ ಸಲಕ್ಕೆ ಕಳೆದ ವಾರ ಪಾಸಾಯಿತು. ಶುರುಮಾಡಿ ಹತ್ತು ತಿಂಗಳಾಗಿತ್ತು. ಮುಂದಿನ ವರ್ಷಕ್ಕೆ ಇದಕ್ಕೆ ಹೆಸರು ಕೊಟ್ಟಿರುವ ಭಾಷಾ ಶಿಕ್ಷಕರಿಗೆ ಉಪಯೋಗವಾಗಲಿ ಎಂದು, ಮರೆಯುವ ಮೊದಲೇ ನಡೆದದ್ದನ್ನೆಲ್ಲ ಕ್ರಮವಾಗಿ ಬರೆದಿಡುತ್ತಿದ್ದೇನೆ. ಹೆದರಬೇಕಾದದ್ದು ಯಾವುದು, ಹೆದರಬೇಕಿಲ್ಲದ್ದು ಯಾವುದು ಎಂಬುದು ಮೊದಲೇ ಗೊತ್ತಿದ್ದಿದ್ದರೆ ಕನಿಷ್ಠ ಎರಡು ತಿಂಗಳು ಉಳಿಯುತ್ತಿತ್ತು.

ಕೇಳಿದ್ದು ಒಟ್ಟು 50 ಗಂಟೆ. ಕಾರ್ಯಾಗಾರ, ಆನ್‌ಲೈನ್ ಕೋರ್ಸು ಎಲ್ಲ ಸೇರಿ ಹೆಚ್ಚೆಂದರೆ 20. ಸಹೋದ್ಯೋಗಿಯ ಜೊತೆ ಪಾಠ ವೀಕ್ಷಣೆ ಮೂರು ಸುತ್ತು, ಸುತ್ತಿಗೆ 2 ಗಂಟೆಯಂತೆ 6. ಓದು ಮತ್ತು ದಿನಚರಿಗೆ 8. ಉಳಿದ 16 ಗಂಟೆ ಕ್ರಿಯಾ ಸಂಶೋಧನೆಗೆ, ಅಂದರೆ ಸ್ವಂತ ತರಗತಿಯಲ್ಲಿ ಒಂದು ಬದಲಾವಣೆ ಮಾಡಿ ಏನಾಯಿತೆಂದು ಎಣಿಸಿ ನೋಡುವುದಕ್ಕೆ. ಕಾಗದದ ಮೇಲೆ ನೋಡಿದರೆ ಕಾರ್ಯಾಗಾರವೇ ದೊಡ್ಡ ಪಾಲು. ನಿಜದಲ್ಲಿ ಕ್ರಿಯಾ ಸಂಶೋಧನೆ ಒಂದೇ 27 ಗಂಟೆ ನುಂಗಿತು. ಹೆಚ್ಚುವರಿ 11 ಗಂಟೆಗೆ ಎಲ್ಲೂ ಲೆಕ್ಕವಿಲ್ಲ, ಯಾರೂ ಅದನ್ನು ಕೊಡುವುದೂ ಇಲ್ಲ. ಅದಕ್ಕೇ ಈ ಬರಹದಲ್ಲೂ ಕ್ರಿಯಾ ಸಂಶೋಧನೆಗೇ ಹೆಚ್ಚು ಜಾಗ.

ಮೊದಲು ಸುಲಭದ್ದು ಮುಗಿಸಿಬಿಡೋಣ. ಕೋರ್ಸುಗಳಲ್ಲಿ ಕಷ್ಟ ಪಾಠದ್ದಲ್ಲ, ಸರ್ಟಿಫಿಕೇಟಿನದ್ದು. ಮೂರು ತೊಡಕು ಎಲ್ಲರಿಗೂ ಬರುತ್ತವೆ. ಒಂದು, ಸರ್ಟಿಫಿಕೇಟಿನ ಮೇಲೆ ಗಂಟೆ ನಮೂದಾಗಿರುವುದಿಲ್ಲ. ಗಂಟೆ ಕಾಣದಿದ್ದರೆ ಪರಿಶೀಲಿಸುವವರು ಸೊನ್ನೆ ಎಂದೇ ಹಿಡಿಯುತ್ತಾರೆ. ಕೋರ್ಸಿನ ಪುಟದಲ್ಲಿ ಅವಧಿ ಬರೆದಿರುವ ಭಾಗದ ಸ್ಕ್ರೀನ್‌ಶಾಟನ್ನು ಸೇರಿದ ದಿನವೇ ತೆಗೆದಿಟ್ಟುಕೊಳ್ಳಿ, ಕೋರ್ಸು ಮುಗಿದ ಮೇಲೆ ಆ ಪುಟವೇ ಇರುವುದಿಲ್ಲ. ಎರಡು, ಹೆಸರು. ನೌಕರಿಯ ದಾಖಲೆಯಲ್ಲಿ ಇನಿಷಿಯಲ್ ಹಿಂದೆ, ಕೋರ್ಸಿನ ಖಾತೆಯಲ್ಲಿ ಮುಂದೆ, ಇನ್ನೊಂದರಲ್ಲಿ ಇನಿಷಿಯಲ್ಲೇ ಇಲ್ಲ. ಆಮೇಲೆ ಮೂವರೂ ಒಬ್ಬರೇ ಎಂದು ಪತ್ರ ಬರೆದುಕೊಡುವ ಕೆಲಸ. ನೋಂದಣಿ ಮಾಡುವಾಗಲೇ ದಾಖಲೆಯಲ್ಲಿದ್ದಂತೆ ಅಕ್ಷರಕ್ಕೆ ಅಕ್ಷರ ಬರೆಯಿರಿ. ಮೂರು, ಕೊನೆಯ ಕ್ವಿಜ್‌ನಲ್ಲಿ ನಿಗದಿತ ಅಂಕ ಬಂದರೂ ನಡುವಿನ ಒಂದು ವಿಡಿಯೊ ಪೂರ್ತಿ ಓಡಿಲ್ಲವೆಂದು ಕೋರ್ಸು ‘ಪೂರ್ಣ’ ಆಗಿರುವುದಿಲ್ಲ. ಇದು ತಿಳಿಯುವುದು ಫೈಲು ಕೊಡುವ ವಾರ.

ಕೋರ್ಸುಗಳ ಬಗ್ಗೆ ಇಷ್ಟು ಸಾಕು. ಅವುಗಳಿಂದ ತರಗತಿಯಲ್ಲಿ ಬದಲಾದದ್ದು ಕಡಿಮೆ. ಹೇಳಿದವರ ತಪ್ಪಲ್ಲ, ಕೇಳಿದ್ದನ್ನು ಯಾವ ಪಾಠದಲ್ಲಿ, ಯಾವ ನಿಮಿಷದಲ್ಲಿ ಹಾಕಬೇಕು ಎಂಬುದು ನಮ್ಮ ಕೈಯಲ್ಲಿ ಇರಲಿಲ್ಲ.

ಪಾಠ ನೋಡುವುದು, ನೋಡಿಸಿಕೊಳ್ಳುವುದು

ವೀಕ್ಷಣೆಯ ಮೊದಲ ಅಡ್ಡಿ ಟೈಂಟೇಬಲ್. ನನಗೆ ಬಿಡುವಿರುವಾಗ ಸಹೋದ್ಯೋಗಿಗೆ ಪಾಠ, ಅವರಿಗೆ ಬಿಡುವಿರುವಾಗ ನನಗೆ ಪಾಠ ಇರಬೇಕು. ಅಂಥ ಪೀರಿಯಡ್ ವಾರಕ್ಕೆ ಒಂದು ಸಿಕ್ಕಿತು. ಅದರಲ್ಲೂ ಯಾರೋ ರಜೆ ಹಾಕಿದರೆ ಬಿಡುವಿದ್ದವರನ್ನು ಬದಲಿ ಪೀರಿಯಡ್‌ಗೆ ಕಳಿಸುತ್ತಾರೆ. ಎರಡು ಸಲ ಹೀಗೇ ರದ್ದಾಯಿತು. ಮೂರು ಸುತ್ತಿಗೆ ಮೂರು ವಾರ ಸಾಕು ಅಂದುಕೊಂಡರೆ ಎರಡು ತಿಂಗಳು ಹಿಡಿಯುತ್ತದೆ. ತಾರೀಖುಗಳನ್ನು ಮೊದಲ ತಿಂಗಳೇ ಮುಖ್ಯ ಶಿಕ್ಷಕರಿಂದ ಬರೆಸಿಕೊಂಡುಬಿಡಿ.

ಎರಡನೇ ಅಡ್ಡಿ ನಮ್ಮ ದಾಕ್ಷಿಣ್ಯ. ಮೊದಲ ಸುತ್ತಿನ ನಮೂನೆಯಲ್ಲಿ ನಾವಿಬ್ಬರೂ ಪರಸ್ಪರ ಬರೆದುಕೊಂಡದ್ದು: ‘ಪಾಠ ಚೆನ್ನಾಗಿತ್ತು. ಕಪ್ಪುಹಲಗೆಯ ಬಳಕೆ ಉತ್ತಮ. ಮಕ್ಕಳ ಪಾಲ್ಗೊಳ್ಳುವಿಕೆ ಇನ್ನಷ್ಟು ಬೇಕು.’ ಈ ಫೈಲಿನ ಕೆಲಸ ನೋಡಿಕೊಳ್ಳುತ್ತಿದ್ದ ಮಾರ್ಗದರ್ಶಕರು ಅದರ ಮೇಲೆ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ ವಾಪಸ್ ಕೊಟ್ಟರು. ಯಾವ ಪಾಠಕ್ಕೆ ಬೇಕಾದರೂ ಅಂಟಿಸಬಹುದಾದ ಮಾತುಗಳವು.

ಎರಡನೇ ಸುತ್ತಿನಲ್ಲಿ ಬದಲಾಯಿಸಿದ್ದು ಇಷ್ಟೇ. ಪಾಠಕ್ಕೆ ಮೊದಲು ಹತ್ತು ನಿಮಿಷ ಕೂತು, ಪಾಠ ಮಾಡುವವರು ನೋಡುವವರಿಗೆ ಒಂದೇ ಒಂದು ಕೆಲಸ ಒಪ್ಪಿಸುವುದು. ನಾನು ಕೇಳಿದ್ದು: ‘ನನ್ನ ಪ್ರಶ್ನೆ ಯಾವ ಬೆಂಚಿಗೆ ಹೋಗುತ್ತೆ ಅಂತ ಗುರುತು ಹಾಕಿ, ಬೇರೇನೂ ಬೇಡ.’ ಬೆಂಚುಗಳ ನಕ್ಷೆ ಮೊದಲೇ ಬರೆದುಕೊಟ್ಟಿದ್ದೆ. ಅವರು ಹಿಂದಿನ ಮೂಲೆಯಲ್ಲಿ ಕೂತು ಪ್ರಶ್ನೆಗೊಂದು ಗೀಟು ಹಾಕಿದರು, ಐದೈದು ನಿಮಿಷಕ್ಕೆ ಪೆನ್ನಿನ ಬಣ್ಣ ಬದಲಿಸಿದರು. ಪಾಠ ಮುಗಿದ ಮೇಲೆ ಏನೂ ಹೇಳದೆ ಹಾಳೆ ಮುಂದಿಟ್ಟರು. ಬಲಗಡೆಯ ಮೊದಲ ಎರಡು ಬೆಂಚಿನ ಮೇಲೆ ಗೀಟು ದಟ್ಟವಾಗಿತ್ತು. ಕಿಟಕಿ ಪಕ್ಕದ ಹಿಂದಿನ ಎರಡು ಬೆಂಚು ಇಡೀ 40 ನಿಮಿಷ ಖಾಲಿ. ಬರೆಯುವುದು ಬಲಗೈಯಲ್ಲಾದ್ದರಿಂದ ಹಲಗೆಯಿಂದ ತಿರುಗುವಾಗ ಮುಖ ಯಾವಾಗಲೂ ಒಂದೇ ಕಡೆ ಬರುತ್ತಿತ್ತು, ಕಣ್ಣಿಗೆ ಬಿದ್ದವರಿಗೇ ಪ್ರಶ್ನೆ. ಇದನ್ನು ‘ಪಾಲ್ಗೊಳ್ಳುವಿಕೆ ಬೇಕು’ ಎಂಬ ಮಾತು ಎಂದಿಗೂ ಹೇಳುತ್ತಿರಲಿಲ್ಲ.

ನೋಡುವವರು ಮಾಡಬಾರದ್ದೂ ಇದೆ. ಮಕ್ಕಳಿಗೆ ಉತ್ತರ ಪಿಸುಗುಟ್ಟಬಾರದು; ಶಿಕ್ಷಕರಿಗೆ ಇದು ಬಹಳ ಕಷ್ಟ, ಪಕ್ಕದ ಮಗು ತಪ್ಪು ಬರೆಯುತ್ತಿದ್ದರೆ ಕೈ ತಡೆಯುವುದಿಲ್ಲ. ಪಾಠದ ನಂತರದ ಚರ್ಚೆಯಲ್ಲಿ ‘ನಾನಾಗಿದ್ದರೆ’ ಎಂದು ಶುರುಮಾಡಬಾರದು. ಕಂಡದ್ದನ್ನು ನಿಮಿಷದ ಸಮೇತ ಹೇಳಿ ನಿಲ್ಲಿಸಬೇಕು. ಅದರ ಅರ್ಥವೇನು ಎಂದು ಪಾಠ ಮಾಡಿದವರು ಹೇಳಲಿ. ಚರ್ಚೆ ಅದೇ ದಿನ ಆಗಬೇಕು. ಮೂರು ದಿನ ಬಿಟ್ಟು ಕೂತ ಮೂರನೇ ಸುತ್ತಿನಲ್ಲಿ ಇಬ್ಬರಿಗೂ ನೆನಪಿದ್ದದ್ದು ಒಬ್ಬ ಹುಡುಗ ನೀರಿನ ಬಾಟಲಿ ಬೀಳಿಸಿದ್ದು ಮಾತ್ರ.

ಪ್ರಶ್ನೆ ಕಿರಿದಾದ ಬಗೆ

ಕ್ರಿಯಾ ಸಂಶೋಧನೆ ಎಂಬ ಹೆಸರು ಕೇಳಿ ಬೆಚ್ಚಬೇಕಾಗಿಲ್ಲ. ಮನೋವಿಜ್ಞಾನಿ ಕರ್ಟ್ ಲೆವಿನ್ 1946ರಲ್ಲಿ ಬರೆದ ಲೇಖನದಿಂದ ಬಳಕೆಗೆ ಬಂದ ಮಾತದು. ಯೋಜಿಸು, ಮಾಡು, ಗಮನಿಸು, ಚಿಂತಿಸು, ಮತ್ತೆ ಯೋಜಿಸು ಎಂಬ ಸುರುಳಿ. ಬೆಚ್ಚಬೇಕಾದದ್ದು ಪ್ರಶ್ನೆಗೆ. ನನ್ನ ಮೊದಲ ಪ್ರಶ್ನೆ ‘ಮಕ್ಕಳ ಕನ್ನಡ ಮಾತುಗಾರಿಕೆಯನ್ನು ಸುಧಾರಿಸುವುದು ಹೇಗೆ?’ ಮಾರ್ಗದರ್ಶಕರು ಕೇಳಿದ್ದು ಒಂದೇ ಮಾತು: ‘ಸುಧಾರಿಸಿತು ಅಂತ ಹೇಗೆ ಎಣಿಸ್ತೀರಿ?’ ಎಣಿಸಲಾಗದ್ದು ಬಿತ್ತು. ಎರಡನೆಯದು ‘ತಪ್ಪು ತಿದ್ದುವಿಕೆಯ ಪರಿಣಾಮ’. ಯಾವ ತಪ್ಪು, ಯಾರು ತಿದ್ದುವುದು, ಯಾವುದರ ಮೇಲೆ ಪರಿಣಾಮ? ಅದೂ ಬಿತ್ತು. ಮೂರು ವಾರ ಹೀಗೇ ಹೋಯಿತು. ಸಿಟ್ಟೂ ಬಂದಿತ್ತು, ಇಪ್ಪತ್ತು ಗಂಟೆಯ ಸರ್ಟಿಫಿಕೇಟು ಜೇಬಿನಲ್ಲಿದ್ದರೂ ಒಂದು ನೆಟ್ಟಗಿನ ಪ್ರಶ್ನೆ ಬರೆಯಲಾಗುತ್ತಿಲ್ಲವಲ್ಲ ಎಂದು.

ದಾರಿ ತೋರಿಸಿದ್ದು ದಿನಚರಿ. ನನ್ನ ತರಗತಿಯಲ್ಲಿರುವುದು ಮನೆಯಲ್ಲಿ ಕನ್ನಡ ಆಡದ ಮಕ್ಕಳು, 28 ಜನ. ದಿನಕ್ಕೆ ಐದು ಸಾಲು ಬರೆಯುತ್ತಿದ್ದ ಪುಸ್ತಕದಲ್ಲಿ ಎರಡು ತಿಂಗಳಲ್ಲಿ ಒಂದೇ ದೂರು ಹನ್ನೊಂದು ಸಲ ಬಂದಿತ್ತು: ‘ಇಲ್ಲ’ ಮತ್ತು ‘ಅಲ್ಲ’ ಅದಲುಬದಲು. ‘ಪೆನ್ನು ಇಲ್ಲ’ ಅಂದರೆ ಪೆನ್ನೇ ಕಾಣೆ. ‘ಪೆನ್ನು ಅಲ್ಲ’ ಅಂದರೆ ಮುಂದಿರುವ ವಸ್ತು ಬೇರೆ. ಇರುವಿಕೆಯನ್ನು ಅಲ್ಲಗಳೆಯುವುದಕ್ಕೆ ಒಂದು, ಗುರುತನ್ನು ಅಲ್ಲಗಳೆಯುವುದಕ್ಕೆ ಇನ್ನೊಂದು. ಹಿಂದಿಯಲ್ಲಿ ಎರಡಕ್ಕೂ ‘ನಹೀ’ ಒಂದೇ ಸಾಕು, ಆಡುಮಾತಿನ ತಮಿಳಿನಲ್ಲೂ ‘ಇಲ್ಲೆ’ ಎರಡೂ ಕೆಲಸ ಮಾಡುತ್ತದೆ. ಹಾಗಾಗಿ ಆ ಮನೆಗಳ ಮಕ್ಕಳು ‘ಇದು ನನ್ನ ಪುಸ್ತಕ ಇಲ್ಲ’ ಎನ್ನುತ್ತಾರೆ. ತೆಲುಗಿನಲ್ಲಿ ‘ಲೇದು’, ‘ಕಾದು’ ಎಂದೂ ಮಲಯಾಳದಲ್ಲಿ ‘ಇಲ್ಲ’, ‘ಅಲ್ಲ’ ಎಂದೂ ಎರಡು ಬೇರೆ ಇರುವುದರಿಂದ ಆ ಮಕ್ಕಳು ಎಡವುವುದು ಅಪರೂಪ. ಇದನ್ನು ಮೊದಲೇ ಯೋಚಿಸಿದ್ದರೆ ಎಣಿಕೆಯ ಹಾಳೆಯಲ್ಲಿ ‘ಮನೆಮಾತು’ ಎಂದು ಒಂದು ಕಾಲಂ ಹಾಕುತ್ತಿದ್ದೆ. ಹಾಕಲಿಲ್ಲ, ಕೊನೆಯಲ್ಲಿ ಇಡೀ ಹಾಳೆಯನ್ನು ಮತ್ತೆ ಮಾಡಬೇಕಾಯಿತು.

ಒಪ್ಪಿಗೆಯಾದ ಪ್ರಶ್ನೆ ಇದು: ‘ಇಲ್ಲ–ಅಲ್ಲ ತಪ್ಪಿದಾಗ ಸರಿಯಾದ ರೂಪವನ್ನು ನಾನೇ ಹೇಳಿಬಿಡುವ ಬದಲು ಮಗುವಿನ ಬಾಯಿಂದಲೇ ಹೊರಡಿಸಲು ಯತ್ನಿಸಿದರೆ, ಆರು ವಾರದಲ್ಲಿ ಮಕ್ಕಳು ಅಲ್ಲೇ ತಿದ್ದಿಕೊಳ್ಳುವುದು ಹೆಚ್ಚುತ್ತದೆಯೇ?’ ನಾನು ಬದಲಾಯಿಸುವುದು ಏನು, ಎಣಿಸುವುದು ಏನು, ಎಷ್ಟು ದಿನ, ಈ ಮೂರೂ ಪ್ರಶ್ನೆಯೊಳಗೇ ಕಂಡರೆ ಸಾಕು. ಕಾಣದಿದ್ದರೆ ಮುಂದೆ ಹೋಗಬೇಡಿ.

ಒಪ್ಪಿಗೆ ಪತ್ರ

ರೆಕಾರ್ಡಿಂಗ್ ಮಾಡಬೇಕೆಂದರೆ ಪೋಷಕರ ಸಹಿ ಬೇಕು. ವಿಡಿಯೊ ಬೇಡ, ಧ್ವನಿ ಸಾಕು ಎಂದು ಮೊದಲೇ ತೀರ್ಮಾನಿಸಿದ್ದು ಒಳ್ಳೆಯದಾಯಿತು. ಮುಖ ಇಲ್ಲ ಎಂದ ಕೂಡಲೇ ಅರ್ಧ ಅನುಮಾನ ಹೋಗುತ್ತದೆ. ಆದರೂ ಮೊದಲ ವಾರ 28ರಲ್ಲಿ ವಾಪಸ್ ಬಂದದ್ದು 6. ಕಾರಣ ಹುಡುಕಿದರೆ ನಗಬೇಕೋ ಅಳಬೇಕೋ: ಕನ್ನಡ ಬಾರದ ಮನೆಗಳಿಗೆ ಪತ್ರವನ್ನು ಕನ್ನಡದಲ್ಲಿ ಕಳಿಸಿದ್ದೆ. ಪಕ್ಕದ ತರಗತಿಗಳ ಶಿಕ್ಷಕರಿಂದ ಹಿಂದಿ, ತಮಿಳು, ತೆಲುಗು, ಇಂಗ್ಲಿಷಿನಲ್ಲಿ ಬರೆಸಿ ಮತ್ತೆ ಕಳಿಸಿದ ಮೇಲೆ 23 ಆಯಿತು. ಒಟ್ಟು ಮೂರು ವಾರ.

ಪತ್ರದಲ್ಲಿ ಇರಬೇಕಾದದ್ದು ಏನು ರೆಕಾರ್ಡ್ ಆಗುತ್ತದೆ, ಯಾರು ಕೇಳುತ್ತಾರೆ, ಹೆಸರು ಎಲ್ಲೂ ಬರುವುದಿಲ್ಲ, ಯಾವ ತಾರೀಖಿನೊಳಗೆ ಅಳಿಸುತ್ತೇವೆ, ಬೇಡವೆಂದರೆ ಮಗುವಿನ ಅಂಕಕ್ಕೆ ಏನೂ ಆಗುವುದಿಲ್ಲ, ಇಷ್ಟು. ಅರ್ಧ ಪುಟ ಮೀರಿದರೆ ಓದುವುದಿಲ್ಲ. ಸಹಿ ಬಾರದ ಐವರನ್ನು ತರಗತಿಯಿಂದ ಹೊರಗಿಡಲಾಗದು, ಇಡಬಾರದು. ಅವರನ್ನು ರೆಕಾರ್ಡರ್‌ನಿಂದ ದೂರದ ಬೆಂಚಿನಲ್ಲಿ ಕೂರಿಸಿ, ದನಿ ಬಂದ ಕಡೆ, ರೆಕಾರ್ಡಿಂಗನ್ನು ಅಕ್ಷರಕ್ಕಿಳಿಸಿದ ಬರಹದಲ್ಲಿ ಅಡ್ಡಗೆರೆ ಎಳೆದು ಬಿಟ್ಟೆ.

ಧ್ವನಿ, ಆಮೇಲೆ ಅಕ್ಷರ

ಮೊದಲ ರೆಕಾರ್ಡಿಂಗ್ ಫೋನನ್ನು ಮೇಜಿನ ಮೇಲಿಟ್ಟು ಮಾಡಿದ್ದು. ಕೇಳಿದರೆ ನನ್ನ ದನಿ, ಫ್ಯಾನಿನ ದನಿ, ಮಕ್ಕಳದ್ದು ಬರೀ ಗುಂಯ್. ಎರಡನೆಯದರಲ್ಲಿ 17ನೇ ನಿಮಿಷಕ್ಕೆ ಯಾರದೋ ಕರೆ ಬಂದು ನಿಂತೇಹೋಗಿತ್ತು. ಆಮೇಲೆ ಸರಿಹೋದ ಬಗೆ: ಎರಡು ಫೋನು, ಎರಡೂ ಏರೋಪ್ಲೇನ್ ಮೋಡ್‌ನಲ್ಲಿ. ಒಂದು ನನ್ನ ಜೇಬಿನಲ್ಲಿ, ಇನ್ನೊಂದು ನಡುವಿನ ಬೆಂಚಿನ ಮೇಲೆ ಮಡಚಿದ ಕರ್ಚೀಫಿನ ಮೇಲೆ. ಬಟ್ಟೆ ಇಲ್ಲದಿದ್ದರೆ ಬೆಂಚಿನ ಮೇಲೆ ಪೆನ್ನು ಇಟ್ಟ ಸದ್ದೂ ಸುತ್ತಿಗೆ ಏಟಿನಂತೆ ಬರುತ್ತದೆ. ಶುರುವಿನಲ್ಲಿ ಒಂದು ಸಲ ಜೋರಾಗಿ ಚಪ್ಪಾಳೆ ಹೊಡೆದರೆ ಎರಡು ಫೈಲುಗಳನ್ನು ಹೊಂದಿಸುವುದು ಸುಲಭ. ಜಾಗದ ಚಿಂತೆ ಬೇಡ, ಎಂಪಿ3ಯಲ್ಲಿ 64 ಕೆಬಿಪಿಎಸ್‌ಗೆ ಇಟ್ಟರೆ 40 ನಿಮಿಷಕ್ಕೆ 19 ಎಂಬಿ ಅಷ್ಟೇ. ಮೊದಲ ಎರಡು ವಾರದ ರೆಕಾರ್ಡಿಂಗನ್ನು ಹೇಗೂ ಎಸೆಯಬೇಕು; ಫೋನಿದೆ ಎಂದು ಗೊತ್ತಾದ ಮಕ್ಕಳು ವಾರ್ತೆ ಓದುವವರ ಹಾಗೆ ಮಾತಾಡುತ್ತಾರೆ, ಶಿಕ್ಷಕರೂ ಅಷ್ಟೇ.

ಆರು ವಾರದ ಪ್ರಯೋಗಕ್ಕೆ ಮೊದಲು ಎರಡು ಪಾಠ, ನಂತರ ಎರಡು ಪಾಠ. ಪ್ರತಿ ಪಾಠದಿಂದ ಮಕ್ಕಳ ಮಾತು ಹೆಚ್ಚಿರುವ 10 ನಿಮಿಷ ಆಯ್ದು ಅಕ್ಷರಕ್ಕಿಳಿಸಬೇಕು. 10 ನಿಮಿಷದ ತರಗತಿಯ ಮಾತು ಬರೆಯಲು ಹಿಡಿದದ್ದು 75ರಿಂದ 80 ನಿಮಿಷ. ಫೋನಿನ ತಂತ್ರಾಂಶದಿಂದ ಬರೆಸೋಣ ಎಂದು ನೋಡಿದೆ. ಅದು ಮಗುವಿನ ‘ಪೆನ್ನು ಇಲ್ಲ’ವನ್ನು ‘ಪೆನ್ನು ಅಲ್ಲ’ ಎಂದು ತಾನೇ ತಿದ್ದಿ ಬರೆದುಬಿಡುತ್ತಿತ್ತು. ನಮಗೆ ಬೇಕಾದದ್ದೇ ತಪ್ಪು! ಕೈಯಲ್ಲೇ ಬರೆಯಿರಿ.

ತನ್ನ ಪಾಠವನ್ನು ತಾನೇ ಕೇಳುವ ಮುಜುಗರದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಮೊದಲ ಹತ್ತು ನಿಮಿಷದಲ್ಲಿ ಎರಡು ಸಲ ನಿಲ್ಲಿಸಿ ಎದ್ದುಹೋದೆ. ಪ್ರಶ್ನೆ ಕೇಳಿ, ಉಸಿರೆಳೆಯುವುದರೊಳಗೆ ನಾನೇ ಉತ್ತರಿಸುತ್ತಿದ್ದೆ. ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು: ಪ್ರಶ್ನೆಯ ನಂತರ ಶಿಕ್ಷಕರು ಕಾಯುವುದು ಸರಾಸರಿ ಒಂದು ಸೆಕೆಂಡು, ಅದನ್ನು ಮೂರಕ್ಕೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವವರ ಸಂಖ್ಯೆ ಇಳಿಯುತ್ತದೆ. ಓದಿದ್ದೆ, ಕಾರ್ಯಾಗಾರದಲ್ಲಿ ತಲೆಯಾಡಿಸಿದ್ದೆ. ನನ್ನದೇ ಒಂದು ಸೆಕೆಂಡು ಕಿವಿಗೆ ಬಿದ್ದಾಗ ಅದು ಬೇರೆ ಮಾತು. ಮೂರು ಸೆಕೆಂಡು ಕಾಯಲು ಒಂದು ಉಪಾಯ: ಬೂಟಿನೊಳಗೆ ಹೆಬ್ಬೆರಳನ್ನು ನಿಧಾನಕ್ಕೆ ಮೂರು ಸಲ ಒತ್ತಿ. ಯಾರಿಗೂ ಕಾಣುವುದಿಲ್ಲ.

ಆ ಮೊದಲ ಬರಹದ ನಾಲ್ಕು ಸಾಲು ಹೀಗಿದ್ದವು. ‘ಶಿ’ ಅಂದರೆ ಶಿಕ್ಷಕ, ‘ವಿ4’ ನಾಲ್ಕನೇ ವಿದ್ಯಾರ್ಥಿ.

ಶಿ: ಇದು ಯಾರ ಪೆನ್ನು? ನಿನ್ನದಾ?
ವಿ4: ಇದು ನನ್ನ ಪೆನ್ನು ಇಲ್ಲ.
ಶಿ: ಹಾಂ, ನನ್ನ ಪೆನ್ನು ಅಲ್ಲ. ಮತ್ತೆ ಯಾರದು?
ವಿ4: ಅವಳದು.

ಮೂರನೇ ಸಾಲನ್ನು ನೋಡಿ. ನನ್ನ ಲೆಕ್ಕದಲ್ಲಿ ನಾನು ತಪ್ಪು ತಿದ್ದಿದ್ದೇನೆ. ಮಗುವಿನ ಲೆಕ್ಕದಲ್ಲಿ? ಮೇಷ್ಟ್ರು ‘ಹಾಂ’ ಎಂದರು, ಅಂದರೆ ಸರಿ. ಮುಂದಿನ ಪ್ರಶ್ನೆಗೆ ಹೋದರು, ಅಂದರೆ ಖಂಡಿತ ಸರಿ. ನಡುವಿನ ‘ಅಲ್ಲ’ ಅದರ ಕಿವಿಗೆ ಬೀಳಲೇ ಇಲ್ಲ, ಬಿದ್ದರೂ ಅದು ತನ್ನ ಮಾತಿನ ಪ್ರತಿಧ್ವನಿಯೇ. ಎರಡು ಬರಹದಲ್ಲಿ, ಒಟ್ಟು 20 ನಿಮಿಷದಲ್ಲಿ, ಇಲ್ಲ–ಅಲ್ಲದ ತಪ್ಪು 19. ನಾನು ತಿದ್ದಿದ್ದು 15. ಅದರಲ್ಲಿ 12 ಹೀಗೆ ನಾನೇ ಸರಿ ರೂಪ ಹೇಳಿ ಮುಂದೆ ಹೋದದ್ದು. ಮಗು ತಾನೇ ತಿದ್ದಿಕೊಂಡದ್ದು 3.

ಇದು ನನ್ನೊಬ್ಬನ ಚಾಳಿಯಲ್ಲ ಎಂಬುದು ಓದಿನಲ್ಲಿ ಸಿಕ್ಕ ಸಮಾಧಾನ. ಭಾಷಾ ಕಲಿಕೆಯ ಸಂಶೋಧಕರಾದ ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ 1997ರಲ್ಲಿ ಫ್ರೆಂಚ್ ಮಾಧ್ಯಮದ ತರಗತಿಗಳಲ್ಲಿ ಎಣಿಸಿದಾಗ ತಿದ್ದುವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು, ಶೇ. 55, ಇದೇ ಬಗೆಯದ್ದು. ಅದಕ್ಕೆ ಮಕ್ಕಳಿಂದ ಏನಾದರೂ ಪ್ರತಿಕ್ರಿಯೆ ಬಂದದ್ದು ಶೇ. 31 ಸಲ ಮಾತ್ರ. ಮಗುವಿನಿಂದಲೇ ಹೊರಡಿಸುವ ಬಗೆಗೆ ಪ್ರತಿಸಲವೂ ಏನಾದರೊಂದು ಪ್ರತಿಕ್ರಿಯೆ ಬಂದಿತ್ತು. ಆದರೆ ಎಚ್ಚರ, ಪ್ರತಿಕ್ರಿಯೆ ಬಂದಿತೆಂದರೆ ಮಗು ಕಲಿಯಿತು ಎಂದಲ್ಲ. ಪ್ರತಿಕ್ರಿಯೆ ಬಾರದ ಕಡೆ ಮಗು ಒಳಗೇ ಗಮನಿಸಿರಲೂಬಹುದು. ವರದಿಯಲ್ಲಿ ಈ ವಾಕ್ಯ ಇಲ್ಲದಿದ್ದರೆ ಮೌಲ್ಯಮಾಪಕರು ಕೇಳಿಯೇ ಕೇಳುತ್ತಾರೆ.

ಆರು ವಾರ ಮಾಡಿದ್ದು ಸರಳ. ತಪ್ಪು ಬಂದ ಕೂಡಲೇ ‘ಹಾಂ’ ಇಲ್ಲ. ಮಗುವಿನ ವಾಕ್ಯವನ್ನೇ ತಪ್ಪಿನ ತುದಿಯವರೆಗೆ ಹೇಳಿ, ದನಿ ಮೇಲೆತ್ತಿ ನಿಲ್ಲಿಸುವುದು: ‘ಇದು ನನ್ನ ಪೆನ್ನು...?’ ಬೂಟಿನೊಳಗೆ ಮೂರು ಎಣಿಕೆ. ಬಂದರೆ ಸರಿ. ಬಾರದಿದ್ದರೆ ಎರಡೂ ರೂಪ ಕೊಟ್ಟು ಕೇಳುವುದು. ಆಗಲೂ ಬಾರದಿದ್ದರೆ ನಾನೇ ಹೇಳಿ, ಅದರ ಬಾಯಲ್ಲಿ ಒಂದು ಸಲ ಹೇಳಿಸುವುದು. ‘ಹಾಂ’ ಬಿಡುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಅದು ಮಾತಲ್ಲ, ಉಸಿರಾಟ. ಮೇಜಿನ ಮೇಲೆ ದೊಡ್ಡದಾಗಿ ‘ಹಾಂ’ ಎಂದು ಬರೆದು ಕೆಂಪು ಗೀಟು ಹೊಡೆದಿಟ್ಟ ಚೀಟಿ ನಾಲ್ಕನೇ ವಾರಕ್ಕೆ ಸ್ವಲ್ಪ ಕೆಲಸ ಮಾಡಿತು.

ನಂತರದ 20 ನಿಮಿಷದಲ್ಲಿ ತಪ್ಪು 16, ತಿದ್ದಿದ್ದು 14. ಹೊರಡಿಸಲು ಯತ್ನಿಸಿದ 9ರಲ್ಲಿ 7 ಸಲ ಮಗು ಸರಿಯಾಗಿ ಹೇಳಿತು. ಹಳೆಯ ಚಾಳಿಗೆ ಜಾರಿ ನಾನೇ ಹೇಳಿದ 5ರಲ್ಲಿ 1. ಒಟ್ಟು 8. ಮೂರು ಇದ್ದದ್ದು ಎಂಟಾಯಿತು ಎಂದು ಹಿಗ್ಗಿ ವರದಿ ಬರೆಯಲು ಕೂತೆ. ತಪ್ಪುಗಳೇನೋ 19ರಿಂದ 16ಕ್ಕೆ ಇಳಿದವು ಅಷ್ಟೇ, ಅದನ್ನು ಇಳಿಕೆ ಎನ್ನಲೂ ಸಂಕೋಚ.

ಎಣಿಕೆಯನ್ನು ಒಂದೇ ಸಲ ಮಾಡಿ ನಂಬಬೇಡಿ. ವಾರ ಬಿಟ್ಟು, ಹಳೆಯ ಗುರುತು ನೋಡದೆ ಮತ್ತೆ ಎಣಿಸಿ. ನನ್ನ ಎರಡು ಎಣಿಕೆಯಲ್ಲಿ ನಾಲ್ಕು ಕಡೆ ವ್ಯತ್ಯಾಸ ಬಂತು. ಕಾರಣ, ಮಗು ‘ಅಲ್’ ಎಂದು ಅರ್ಧಕ್ಕೆ ನಿಲ್ಲಿಸಿದ್ದನ್ನು ಒಮ್ಮೆ ತಿದ್ದಿಕೊಂಡದ್ದು ಎಂದೂ ಇನ್ನೊಮ್ಮೆ ಇಲ್ಲ ಎಂದೂ ಬರೆದಿದ್ದೆ. ನಿಯಮವನ್ನು ಮೊದಲೇ ಬರೆದಿಟ್ಟುಕೊಂಡರೆ ಈ ಗೋಜಿಲ್ಲ.

ಕೊಟ್ಟದ್ದು, ವಾಪಸ್ ಬಂದದ್ದು

ಫೈಲಿನಲ್ಲಿ ಹೋದದ್ದು: ಗಂಟೆಗಳ ಪಟ್ಟಿ, ಸರ್ಟಿಫಿಕೇಟುಗಳು, ಇಬ್ಬರ ಸಹಿಯಿರುವ ಮೂರು ವೀಕ್ಷಣಾ ನಮೂನೆ, ದಿನಚರಿಯಿಂದ ಆಯ್ದ ಎಂಟು ಪುಟ, ಖಾಲಿ ಒಪ್ಪಿಗೆ ಪತ್ರದ ಮಾದರಿ, ನಾಲ್ಕು ಬರಹ, ಎಣಿಕೆಯ ಹಾಳೆ, 3,000 ಪದದ ವರದಿ. ಅಪ್‌ಲೋಡಿಗೆ 5 ಎಂಬಿ ಮಿತಿ. ಬಣ್ಣದಲ್ಲಿ ಸ್ಕ್ಯಾನ್ ಮಾಡಿದ್ದು 38 ಎಂಬಿ ಆಗಿತ್ತು. ಕಪ್ಪುಬಿಳುಪಿನಲ್ಲಿ 150 ಡಿಪಿಐಗೆ ಇಳಿಸಿದ ಮೇಲೆ ಹಿಡಿಯಿತು.

ಐದು ವಾರ ಸುದ್ದಿಯಿಲ್ಲ. ಆಮೇಲೆ ವಾಪಸ್. ಕಾರಣ, ದಿನಚರಿಯ ಪುಟಗಳಲ್ಲಿ ಇಬ್ಬರು ಮಕ್ಕಳ ಹೆಸರು ಹಾಗೇ ಉಳಿದಿತ್ತು. ಬರಹದಲ್ಲೆಲ್ಲ ವಿ1, ವಿ2 ಎಂದು ಜೋಪಾನ ಮಾಡಿ, ದಿನಚರಿಯನ್ನು ಮರೆತಿದ್ದೆ. ತಿದ್ದಿ ಕೊಟ್ಟೆ. ಮೂರು ವಾರಕ್ಕೆ ಮತ್ತೆ ವಾಪಸ್: ಕ್ರಿಯಾ ಸಂಶೋಧನೆಗಾಗಿ ಓದಿದ 4 ಗಂಟೆಯನ್ನು ‘ಓದು’ ಎಂಬಲ್ಲೂ ‘ಸಂಶೋಧನೆ’ ಎಂಬಲ್ಲೂ ಬರೆದಿದ್ದೇನೆ, ಎರಡು ಸಲ ಲೆಕ್ಕವಾಗಿದೆ. ಅವರು ಹೇಳಿದ್ದು ಸರಿಯೇ. ಗಂಟೆಯ ಪಟ್ಟಿಯನ್ನು ತಿಂಗಳ ಕೊನೆಗೆ ನೆನಪಿನಿಂದ ತುಂಬಿದರೆ ಇದೇ ಆಗುವುದು. ತಾರೀಖು, ಶುರು, ಮುಗಿದದ್ದು, ಯಾವ ತಲೆಬರಹ, ಈ ನಾಲ್ಕನ್ನು ಅಂದಂದೇ ಬರೆಯಿರಿ. ಒಂದು ಸಾಲಿಗೆ ಒಂದೇ ತಲೆಬರಹ.

ಕೊನೆಯಲ್ಲಿ ಮೌಲ್ಯಮಾಪಕರ ಜೊತೆ 20 ನಿಮಿಷದ ಮಾತುಕತೆ. ಸಿದ್ಧಾಂತ ಕೇಳುತ್ತಾರೆಂದು ರಾತ್ರಿ ಓದಿಕೊಂಡು ಹೋಗಿದ್ದೆ. ಕೇಳಿದ್ದು ಬೇರೆ. ‘ಇಲ್ಲ, ಅಲ್ಲ, ಇರೋದು ಎರಡೇ. ನೀವು ದನಿ ಎತ್ತಿ ನಿಲ್ಲಿಸಿದ ಕೂಡಲೇ ಮಗುವಿಗೆ ತಾನು ಹೇಳಿದ್ದು ತಪ್ಪು ಅಂತ ಗೊತ್ತಾಗುತ್ತೆ. ಇನ್ನೊಂದನ್ನ ಹೇಳುತ್ತೆ. ಅದು ತಿದ್ದಿಕೊಂಡದ್ದೋ, ನಾಣ್ಯ ಮಗುಚಿದ್ದೋ?’

ಉತ್ತರ ಇದ್ದದ್ದು ಅದೃಷ್ಟ. ಆರನೇ ವಾರ, ಮಗು ಸರಿಯಾಗಿ ಹೇಳಿದಾಗಲೂ ಮೂರು ಸಲ ಅದೇ ದನಿಯಲ್ಲಿ ‘ಇದು ನನ್ನ ಚೀಲ...?’ ಎಂದು ನಿಲ್ಲಿಸಿ ನೋಡಿದ್ದೆ. ಇಬ್ಬರು ‘ಅಲ್ಲ’ಕ್ಕೇ ಅಂಟಿಕೊಂಡರು. ಒಬ್ಬಳು ಸರಿಯಿದ್ದದ್ದನ್ನು ತಕ್ಷಣ ‘ಇಲ್ಲ’ ಎಂದು ಮಗುಚಿದಳು. ಇದು ದಿನಚರಿಯಲ್ಲಿತ್ತು, ವರದಿಯಲ್ಲಿ ಇರಲಿಲ್ಲ. ಸಂಖ್ಯೆಯನ್ನು ಕೆಡಿಸುತ್ತದೆ ಎಂದು ಬಿಟ್ಟಿದ್ದೆ. ಮೌಲ್ಯಮಾಪಕರು ಆ ಪುಟ ತೆರೆದು ಓದಿ, ‘ಇದನ್ನೇ ವರದಿಯ ಮುಂದಕ್ಕೆ ಹಾಕಬೇಕಿತ್ತು’ ಎಂದರು. ಎರಡೇ ಆಯ್ಕೆಯಿರುವ ವಿಷಯ ಆರಿಸಿಕೊಂಡವರು ಸರಿಯಾದ ವಾಕ್ಯಕ್ಕೂ ಇದೇ ಪರೀಕ್ಷೆ ಇಡಿ, ಮೂರಲ್ಲ, ಹತ್ತು ಸಲವಾದರೂ.

ಇನ್ನೊಂದು ಪ್ರಶ್ನೆ: ಯಾವುದು ಕೆಲಸ ಮಾಡಲಿಲ್ಲ? ‘ನನಗೆ ಬೇಕು’ ಎನ್ನಬೇಕಾದ ಕಡೆ ‘ನಾನು ಬೇಕು’ ಎನ್ನುವ ತಪ್ಪಿಗೆ ಇದೇ ಉಪಾಯ ಮಾಡಿ ಸೋತದ್ದನ್ನು ಹೇಳಿದೆ. ಅಲ್ಲಿ ತಪ್ಪು ವಾಕ್ಯದ ಮೊದಲಲ್ಲೇ ಇದೆ, ತುದಿಯವರೆಗೆ ಹೇಳಿ ನಿಲ್ಲಿಸಲು ಏನೂ ಉಳಿಯುವುದಿಲ್ಲ. ‘...ಬೇಕು?’ ಎಂದರೆ ಮಗು ನನಗೇ ಏನೋ ಬೇಕಾಗಿದೆ ಎಂದುಕೊಂಡು ಪೆನ್ಸಿಲ್ ಕೊಡಲು ಬಂತು. ಅದಲ್ಲದೆ, ರೂಪ ಮಗುವಿನೊಳಗೆ ಎಲ್ಲೋ ಇದ್ದರೆ ಮಾತ್ರ ಹೊರಡಿಸಬಹುದು. ಕೇಳಿಯೇ ಗೊತ್ತಿಲ್ಲದ್ದಕ್ಕೆ ಮೂರು ಸೆಕೆಂಡಿನ ಮೌನ ಬರೀ ಹಿಂಸೆ. ಅಲ್ಲಿ ನಾವೇ ಹೇಳಿಕೊಡಬೇಕು.

ಫೈಲು ಪಾಸಾದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಒಪ್ಪಿಗೆ ಪತ್ರದಲ್ಲಿ ಬರೆದ ತಾರೀಖಿನೊಳಗೆ ಧ್ವನಿ ಅಳಿಸಬೇಕು. ಎರಡೂ ಫೋನಿನಿಂದ ಅಳಿಸಿ, ಮುಗಿಯಿತೆಂದು ಪೋಷಕರಿಗೆ ಚೀಟಿ ಬರೆದೆ. ಕಳಿಸುವ ಮೊದಲು ಏನೋ ಅನುಮಾನ ಬಂದು ನೋಡಿದರೆ, ಒಂದು ಫೋನು ಎಲ್ಲವನ್ನೂ ತಾನೇ ತಾನಾಗಿ ಕ್ಲೌಡಿಗೆ ಏರಿಸಿಟ್ಟಿತ್ತು, ಎಸೆದೆನೆಂದುಕೊಂಡಿದ್ದ ಮೊದಲ ಎರಡು ವಾರದ್ದೂ ಸೇರಿ. ಅಲ್ಲಿಂದ ಅಳಿಸಿದರೂ ಕಸದ ಬುಟ್ಟಿಯಲ್ಲಿ 30 ದಿನ ಉಳಿಯುತ್ತದೆ. ಬುಟ್ಟಿಯನ್ನೂ ಖಾಲಿ ಮಾಡಿ, ಆಮೇಲೆ ಚೀಟಿ ಕಳಿಸಿದೆ. ಈ ಸಲ ನಾಲ್ಕೂ ಭಾಷೆಯಲ್ಲಿ.